ಹಲಸೂರು ಕೆರೆಯಲ್ಲಿ ದೋಣಿ, ದಂಡಿನ ಬೀದಿಗಳಲ್ಲಿ ನಡಿಗೆ

(ಶರಾವತಿ ಹಿನ್ನೀರಿನ ಊರೊಂದರ ಶಾಲೆಯಲ್ಲಿ, ವಿದ್ಯಾರ್ಥಿಗಳ ಎರಡನೆಯ ತಂಡ ಬೆಂಗಳೂರಿಗೆ ಹೊರಡುವ ಮುನ್ನ ಮಾಡಿದ ಭಾಷಣದ ಬರಹ ರೂಪ)



ಮುಂದಿನ ವಾರ ನಿಮ್ಮಲ್ಲಿ ಹದಿನಾರು ಮಂದಿ ಬೆಂಗಳೂರಿಗೆ ಹೊರಡಲಿದ್ದೀರಿ. ಪ್ರವಾಸದ ಪಟ್ಟಿಯನ್ನು ಕಂಡ ಕೆಲವು ಪೋಷಕರು ಮುಖ್ಯೋಪಾಧ್ಯಾಯರ ಬಳಿ ಬಂದು ವಿಚಾರಿಸಿದರೆಂದು ತಿಳಿಯಿತು. ಅದರಲ್ಲಿ ವಿಧಾನಸೌಧವಿಲ್ಲ, ಲಾಲ್‌ಬಾಗ್ ಇಲ್ಲ, ಮೃಗಾಲಯವೂ ಇಲ್ಲ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಎಂದು ನಾಲ್ಕು ಹೆಸರುಗಳಿವೆ. ಮುಂದೆ ಕೆರೆ, ಕಾಲುವೆ, ಕೋಡಿ ಎಂದು ಬರೆದಿದೆ. "ನೀರು ನೋಡಲಿಕ್ಕೆ ಬೆಂಗಳೂರಿಗೆ ಹೋಗುವುದು ಎಂತಕ್ಕೆ? ಇಲ್ಲಿ ಅಂಗಳಕ್ಕೆ ಇಳಿದರೆ ನೀರೇ ಅಲ್ಲವೇ?" ಎಂದು ಒಬ್ಬ ತಾಯಿ ಕೇಳಿದರಂತೆ. ಸರಿಯಾದ ಪ್ರಶ್ನೆ. ಇವತ್ತಿನ ನನ್ನ ಮಾತೆಲ್ಲ ಆ ತಾಯಿಗೆ ಕೊಡುವ ಉತ್ತರವೆಂದು ತಿಳಿಯಬೇಕು.

2019ರ ಜೂನ್ ತಿಂಗಳಿನಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಕುಡಿಯುವ ನೀರನ್ನು ಒಯ್ಯುವ ಮಾತು ಸರಕಾರದ ಕಡೆಯಿಂದ ಬಂದುದು, ಮೊದಲ ಹಂತದಲ್ಲಿಯೇ 30 ಟಿಎಂಸಿ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಕಾಣಿಸಿಕೊಂಡುದು, ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದುದು ನಿಮ್ಮೆಲ್ಲರ ನೆನಪಿನಲ್ಲಿದೆ. ಆ ಮಾತು ಅಂದಿಗೆ ತಣ್ಣಗಾಯಿತೇ ಹೊರತು ಪೂರ್ತಿ ಅಡಗಿಲ್ಲ. ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ ಎಂಬುದು ನಮ್ಮಲ್ಲಿ ಮಕ್ಕಳಿಗೂ ಬಾಯಿಪಾಠ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ. ಅಂದರೆ ನಮ್ಮ ಹೊಳೆಯನ್ನು ಸಾವಿರದ ಇನ್ನೂರು ಅಡಿಯಷ್ಟು ಮೇಲಕ್ಕೆತ್ತಿ, 350 ಕಿಲೋಮೀಟರಿಗೂ ಹೆಚ್ಚು ದೂರ ತಳ್ಳಬೇಕು. ಇಷ್ಟು ದೊಡ್ಡ ಕೇಳಿಕೆಯನ್ನು ಕೇಳಿದವರ ಮನೆಯ ಬಾವಿಯನ್ನು ಒಮ್ಮೆ ಇಣುಕಿ ನೋಡಿ ಬರುವುದು ಅಸಭ್ಯತೆಯೇನಲ್ಲ. ಹಾಗೆಂದೇ ಕಳೆದ ವರ್ಷ ನಮ್ಮ ಬಳಗದ ಹನ್ನೆರಡು ಮಂದಿ ವಿದ್ಯಾರ್ಥಿಗಳೊಂದಿಗೆ, ಮುಳುಗಡೆಯನ್ನು ಕಣ್ಣಾರೆ ಕಂಡ ಇಬ್ಬರು ಹಿರಿಯರನ್ನೂ ಕರೆದುಕೊಂಡು, ಬೆಂಗಳೂರಿನ ಪೂರ್ವ ಭಾಗದಲ್ಲಿ ಒಂದು ದಿನ ಪೂರ್ತಿ ನಡೆದೆವು. ನಡುವೆ ಅರ್ಧ ಗಂಟೆ ದೋಣಿಯಲ್ಲಿಯೂ ಕುಳಿತೆವು.

ರೈಲಿಳಿದು ಮೆಜೆಸ್ಟಿಕ್‌ನ ಬಸ್ ನಿಲ್ದಾಣಕ್ಕೆ ಬಂದಾಗಲೇ ನೋಡುವುದನ್ನು ಆರಂಭಿಸಬೇಕು. ಅದು ಧರ್ಮಾಂಬುಧಿ ಎಂಬ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯಲ್ಲಿದೆ, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ, ಕೋರಮಂಗಲದ ಒಂದು ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ವಸತಿಗಳನ್ನು ಕಟ್ಟಿದರು. ದಂಡಿನ ಮಿಲ್ಲರ್ ಕೆರೆಗಳ ಸಾಲು ಈಗ ರಸ್ತೆಯ ಹೆಸರಿನಲ್ಲಿ ಮಾತ್ರ ಉಳಿದಿದೆ. ನಮ್ಮ ತಂಡದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, "ನಮ್ಮ ಊರು ನೀರಿನಡಿ ಹೋಯಿತು, ಇಲ್ಲಿ ನೀರೇ ಊರಿನಡಿ ಹೋಗಿದೆ" ಎಂದರು.

ದಂಡು ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು, ಹಳೆಯ ಪೇಟೆಯಿಂದ ದೂರ, ಹಲಸೂರು ಕೆರೆಯ ಆಸುಪಾಸಿನಲ್ಲಿ ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಈ ಭಾಗವನ್ನು ಇಂಗ್ಲಿಷರು ತಮ್ಮಲ್ಲಿಯೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಆ ಭಾಗದಲ್ಲಿ ಇಂದಿಗೂ ತಮಿಳು, ಉರ್ದು, ಕನ್ನಡ, ಇಂಗ್ಲಿಷುಗಳು ಒಂದೇ ಮಾತಿನಲ್ಲಿ ಕಲೆತು ಬರುವುದಕ್ಕೆ ಈ ಚರಿತ್ರೆಯೇ ಕಾರಣ.

ಶಿವಾಜಿನಗರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. 1882ರಲ್ಲಿ ಕಟ್ಟಿದ ಸೇಂಟ್ ಮೇರಿ ಬೆಸಿಲಿಕಾ ಇದೆ, ಎದುರಿಗೆ ರಸೆಲ್ ಮಾರುಕಟ್ಟೆ ಇದೆ. ಈ ಸ್ಥಳಕ್ಕೆ ಹಿಂದೆ ಬ್ಲ್ಯಾಕ್‌ಪಳ್ಳಿ ಎಂಬ ಹೆಸರಿತ್ತು. ಅದು 'ಬಿಳಿ ಅಕ್ಕಿ ಹಳ್ಳಿ' ಎಂಬುದರ ವಿರೂಪವೆಂದು ಹೇಳುವವರಿದ್ದಾರೆ. ಅದು ನಿಜವೇ ಆಗಿದ್ದರೆ ಗದ್ದೆ ಇತ್ತು, ಗದ್ದೆಗೆ ನೀರಿತ್ತು ಎಂದಾಯಿತು. ಮಾರುಕಟ್ಟೆಯಲ್ಲಿ ತರಕಾರಿಗೆ ನೀರು ಚಿಮುಕಿಸುವ ಹುಡುಗರನ್ನು ನೀರು ಎಲ್ಲಿಂದ ತರುತ್ತೀರಿ ಎಂದು ನಮ್ಮ ವಿದ್ಯಾರ್ಥಿಗಳು ಕೇಳಿದರು. ಕಾವೇರಿ ಎಂದು ಒಬ್ಬ, ಬೋರ್ ಎಂದು ಇನ್ನೊಬ್ಬ, ಟ್ಯಾಂಕರ್ ಎಂದು ಮತ್ತೊಬ್ಬ ಹೇಳಿದ. ಮುಕ್ಕಾಲು ಗಂಟೆ ನಡೆದರೆ ಹಲಸೂರು ಕೆರೆ ಸಿಗುತ್ತದೆ. ಅದರ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ.

ಕಾಮರಾಜ ರಸ್ತೆ, ಡಿಕನ್ಸನ್ ರಸ್ತೆಗಳನ್ನು ಹಾಯ್ದು ಪೂರ್ವಕ್ಕೆ ನಡೆಯುವಾಗ ಕಾಲಿನ ಕೆಳಗಿನ ನೆಲದ ಇಳಿಜಾರನ್ನು ಗಮನಿಸಿ. ಬೆಂಗಳೂರಿಗೆ ಹೊಳೆಯಿಲ್ಲ. ಅದು ದಿಣ್ಣೆಯ ಮೇಲಿನ ಊರು. ಮಳೆಯ ನೀರು ದಿಣ್ಣೆಯಿಂದ ನಾನಾ ದಿಕ್ಕಿಗೆ ಇಳಿದು ಹೋಗುತ್ತದೆ. ಹೋಗುವ ನೀರನ್ನು ಕಣಿವೆಯ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಟ್ಟಿ ನಿಲ್ಲಿಸಿಕೊಂಡು ಅಲ್ಲಿಯ ಹಿಂದಿನವರು ಬಾಳಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಎರಡರ ನಡುವಿನ ಹಾದಿಯೇ ರಾಜಕಾಲುವೆ. ತೂಬು ಎತ್ತಿ ಗದ್ದೆಗೆ ನೀರು ಹಂಚಲು ನೀರಗಂಟಿ ಇದ್ದ. ಮಲೆನಾಡಿನವರಾದ ನಾವು ಹಳ್ಳಕ್ಕೆ ಕಟ್ಟು ಹಾಕಿ ತೋಟಕ್ಕೆ ನೀರು ತಿರುಗಿಸುತ್ತೇವೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಆ ಬಯಲಿನಲ್ಲಿ ಪ್ರತಿ ಹನಿಗೂ ಕಟ್ಟು ಹಾಕದೆ ಗತ್ಯಂತರವಿರಲಿಲ್ಲ.

ಹಲಸೂರಿನ ಹೆಸರು ಹಲಸಿನ ಮರದಿಂದ ಬಂದಿತೆಂದು ಹೇಳುತ್ತಾರೆ. ವಿಜಯನಗರದ ಅಚ್ಯುತರಾಯನು ಕೆಂಪೇಗೌಡನಿಗೆ ಉಂಬಳಿಯಾಗಿ ಕೊಟ್ಟ ಹೋಬಳಿಗಳಲ್ಲಿ ಹಲಸೂರೂ ಇತ್ತು, ವರ್ತೂರೂ ಇತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ: ಒಂದೇ ನೀರಿನ ದಾರಿಯಲ್ಲಿ ಹಲಸೂರು ಮೇಲಿದೆ, ವರ್ತೂರು ಕೆಳಗಿದೆ. ಪೇಟೆಬೀದಿಯೊಳಗೆ ಸೋಮೇಶ್ವರ ದೇವಾಲಯವಿದೆ. ಕಂಬಗಳಲ್ಲಿ ರಾವಣ ಕೈಲಾಸವನ್ನೆತ್ತುವ ಶಿಲ್ಪವಿದೆ. ನಮ್ಮ ಇಕ್ಕೇರಿ, ಕೆಳದಿಗಳ ಕಲ್ಲನ್ನು ಕಂಡ ಕಣ್ಣಿಗೆ ಅದು ಅಪರಿಚಿತವೆನಿಸುವುದಿಲ್ಲ. ಆದರೆ ನಾವು ಹೆಚ್ಚು ಹೊತ್ತು ನಿಂತದ್ದು ದೇವಾಲಯದ ಕಲ್ಯಾಣಿಯ ಬಳಿ. ಮಣ್ಣಿನಡಿ ಹೂತು ಮರೆಯಾಗಿದ್ದ ಆ ಕಲ್ಯಾಣಿ 2010ರ ಸುಮಾರಿಗೆ ಮತ್ತೆ ಬೆಳಕಿಗೆ ಬಂತು.

ಇನ್ನು ದೋಣಿಯ ವಿಷಯ. ಹಲಸೂರು ಕೆರೆ ಈಗ ಸುಮಾರು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 125 ಎಕರೆ ಇದೆ. ನಡುವೆ ಮರಗಳುಳ್ಳ ನಡುಗಡ್ಡೆಗಳಿವೆ. ಒಂದು ಪಕ್ಕ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ನೆಲೆ. ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದು ಆ ಬೇಲಿಯೊಳಗೇ ಇದೆ. ಮತ್ತೊಂದು ಪಕ್ಕ ಗುರುದ್ವಾರ. ದಂಡೆಯಲ್ಲಿ ತಿರುವಳ್ಳುವರ್ ಪ್ರತಿಮೆ. ಹದಿನೆಂಟು ವರ್ಷ ಮುಸುಕಿನಲ್ಲಿದ್ದು 2009ರ ಆಗಸ್ಟಿನಲ್ಲಿ ಅನಾವರಣಗೊಂಡಿತು. ಅದೇ ವಾರ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಕೆನ್ಸಿಂಗ್ಟನ್ ರಸ್ತೆಯ ಕಡೆ ದೋಣಿವಿಹಾರದ ಕಟ್ಟೆಯಿದೆ. ದೋಣಿ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ನೀರು ಕೆಟ್ಟಾಗ, ಕಳೆ ಮುಚ್ಚಿದಾಗ ನಿಲ್ಲಿಸಿಬಿಡುತ್ತಾರೆ. ಮುಂಚಿತವಾಗಿ ವಿಚಾರಿಸಿಕೊಂಡೇ ಹೋಗಬೇಕು.

ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ತೊಡಿಸಿ ನಮ್ಮನ್ನು ಕೂರಿಸಿದರು. ಹುಡುಗರಿಗೆ ಸಂಭ್ರಮ, ಆದರೆ ಆಶ್ಚರ್ಯವೇನಿಲ್ಲ. ಲಾಂಚಿನಲ್ಲಿ ಶಾಲೆಗೆ ಹೋಗಿ ಬಂದ ಮಕ್ಕಳಿಗೆ ದೋಣಿ ದೊಡ್ಡ ಸಂಗತಿಯೆ? ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಕರೂರು, ಬಾರಂಗಿ ಸೀಮೆಯವರಿಗೆ ಲಾಂಚೇ ರಸ್ತೆಯಾಗಿತ್ತು. ಗರ್ಭಿಣಿಯರು, ಅಡಿಕೆ ಮೂಟೆಗಳು, ಮದುವೆಯ ದಿಬ್ಬಣ ಎಲ್ಲವೂ ಅದರಲ್ಲಿಯೇ ದಾಟಬೇಕಿತ್ತು. ಅದೇ ಲಾಂಚಿನ ಕಟಕಟೆಗೆ ಒರಗಿ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸುಂದರವಾದುದನ್ನು ಸುಂದರವೆಂದು ನೋಡಿದರು. ತಾವು ತೇಲುತ್ತಿರುವುದು ಯಾರದೋ ಗದ್ದೆಯ, ಯಾರದೋ ತುಳಸಿಕಟ್ಟೆಯ ಮೇಲೆ ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ.

ಹಲಸೂರಿನಲ್ಲಿ ನಾವೇ ಪ್ರವಾಸಿಗರು. ಆದ್ದರಿಂದ ಕೇಳಬೇಕಾದುದನ್ನು ಕೇಳುವುದು ನಮ್ಮ ಕರ್ತವ್ಯವಾಗಿತ್ತು. ನಮ್ಮ ಹಿರಿಯರು ದೋಣಿಯವನನ್ನು ಕೇಳಿದರು: "ತಮ್ಮಾ, ಈ ಕೆರೆಯ ಕೋಡಿ ಎಲ್ಲಿದ್ದು?"

"ಕೋಡಿ ಅಂದ್ರೆ ಏನು ತಾತಾ? ಮೋರಿ ಬೇಕಾದ್ರೆ ಆ ಕಡೆ ಇದೆ."

"ನೀರು ಎಲ್ಲಿಂದ ಬತ್ತು ಹಂಗಾದ್ರೆ?"

"ಮಳೆ ಬಂದ್ರೆ ಮೂರು ಕಡೆಯಿಂದ ಬರುತ್ತೆ. ಮಳೆ ಇಲ್ಲ ಅಂದ್ರೂ ಬರುತ್ತೆ. ಅದೇ ತೊಂದ್ರೆ."

ಆ ಯುವಕ ಕೋಡಿ ಎಂಬ ಪದವನ್ನು ಅರಿಯನಾದರೂ ಕೆರೆಯ ರೋಗವನ್ನು ಚೆನ್ನಾಗಿ ಅರಿತಿದ್ದಾನೆ. ಮಳೆಯಿಲ್ಲದ ದಿನವೂ ಕೆರೆಗೆ ನೀರು ಬರುತ್ತಿದ್ದರೆ ಅದು ಮನೆಗಳ, ಅಂಗಡಿಗಳ ಕೊಳಚೆಯಲ್ಲದೆ ಬೇರೇನು? ಜಯಮಹಲ್ ಕಡೆಯಿಂದ, ಕಾಕ್ಸ್ ಟೌನಿನ ದೊಡ್ಡಿಗುಂಟೆಯ ಕಡೆಯಿಂದ, ಸೈನ್ಯದ ನೆಲೆಯ ಕಡೆಯಿಂದ ಕಾಲುವೆಗಳು ಈ ಕೆರೆಗೆ ಇಳಿಯುತ್ತವೆ. 2016ರ ಮಾರ್ಚ್ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಸಾವಿರಾರು ಮೀನುಗಳು ಇಲ್ಲಿ ಸತ್ತು ತೇಲಿದವು.

ಅದು ಹೇಗಾಗುತ್ತದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಕೊಳಚೆಯಲ್ಲಿ ಸಾರಜನಕ, ರಂಜಕಗಳಿರುತ್ತವೆ. ಅವು ಗೊಬ್ಬರವಾಗಿ ಪಾಚಿ ಹಬ್ಬುತ್ತದೆ. ಪಾಚಿ ಹಗಲಿನಲ್ಲಿ ಬಿಸಿಲಿಗೆ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನು ಹೀರುತ್ತದೆ. ಸತ್ತ ಪಾಚಿಯನ್ನೂ ಕೊಳಚೆಯನ್ನೂ ಕೊಳೆಸುವ ಸೂಕ್ಷ್ಮಜೀವಿಗಳು ಇನ್ನಷ್ಟನ್ನು ಹೀರುತ್ತವೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಇದೆಲ್ಲ ಸೇರಿ ಬೆಳಗಿನ ಜಾವದ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಮೀನು ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ. ಕೆರೆ ಹಸಿರಾಗಿ ಕಾಣುತ್ತಿದೆ ಎಂದು ದಂಡೆಯಲ್ಲಿ ಯಾರಾದರೂ ಮೆಚ್ಚಿಕೊಂಡರೆ ಇದನ್ನು ಅವರಿಗೆ ಹೇಳಬಹುದು.

ಇಷ್ಟಾದರೂ ಹಲಸೂರು ಕೆರೆ ಉಳಿದಿದೆ. ಹೆಜ್ಜಾರ್ಲೆಗಳು ತೇಲುತ್ತವೆ, ನೀರುಕಾಗೆಗಳು ನಡುಗಡ್ಡೆಯ ಮರಗಳಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತವೆ. ಸುತ್ತಲಿನ ಕೆರೆಗಳೆಲ್ಲ ಹೋದಾಗ ಇದೊಂದು ಏಕೆ ಉಳಿಯಿತು? ನನ್ನ ಅನಿಸಿಕೆಯನ್ನು ಹೇಳುತ್ತೇನೆ. ಒಂದು ಕಡೆ ಸೈನ್ಯದ ಬೇಲಿಯಿತ್ತು. ಇನ್ನೊಂದು ಕಡೆ ನೋಟ ಚೆನ್ನಾಗಿತ್ತು. ನೀರಿಗಾಗಿ ಅದನ್ನು ಯಾರೂ ಉಳಿಸಲಿಲ್ಲ. ಅದರ ಕಾಲುವೆಗಳನ್ನು, ಕೋಡಿಯನ್ನು, ಕೆಳಗಿನ ಅಚ್ಚುಕಟ್ಟನ್ನು ಯಾರೂ ಉಳಿಸಲಿಲ್ಲ. ನೋಡುವುದಕ್ಕೆಂದು ಉಳಿಸಿದ್ದು ನೋಡುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಉಳಿಯಿತು. ಪ್ರವಾಸೋದ್ಯಮದಿಂದ ಹೊಳೆಯೂ ಕಾಡೂ ಉಳಿಯುತ್ತವೆಂದು ನಮ್ಮ ಊರುಗಳಿಗೂ ಬಂದು ಹೇಳುವವರಿದ್ದಾರೆ. ಜೋಗವನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ನಿಂತ ಮೇಲೆ ಅಲ್ಲಿ ಬೀಳುವ ನೀರು ಅಣೆಕಟ್ಟೆಯ ಮರ್ಜಿಯನ್ನು ಕಾಯುವಂತಾಯಿತು. ಪ್ರೇಕ್ಷಕರ ಕಟ್ಟೆಗಳು ಮಾತ್ರ ದೊಡ್ಡದಾಗುತ್ತ ಬಂದವು.

ಹಿಂದೆ ಹಲಸೂರು ನೋಟದ ಕೆರೆಯಾಗಿರಲಿಲ್ಲ. 1896ಕ್ಕೆ ಮುಂಚೆ ಬೆಂಗಳೂರು ಕುಡಿಯುತ್ತಿದ್ದುದು ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಮುಂತಾದ ಕೆರೆಗಳ ಮತ್ತು ಬಾವಿ-ಕಲ್ಯಾಣಿಗಳ ನೀರನ್ನೇ. 1876-78ರ ಮಹಾಕ್ಷಾಮ ಬಂದು ಹೋದ ಮೇಲೆ ನಗರ ದೂರದ ನೀರಿನತ್ತ ಕಣ್ಣು ಹಾಯಿಸಿತು. 1896ರಲ್ಲಿ 18 ಕಿಲೋಮೀಟರ್ ದೂರದ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂತು. 1933ರಲ್ಲಿ 28 ಕಿಲೋಮೀಟರ್ ದೂರದ ತಿಪ್ಪಗೊಂಡನಹಳ್ಳಿ. 1974ರಲ್ಲಿ 100 ಕಿಲೋಮೀಟರ್ ದೂರದ ಕಾವೇರಿ, ಅದೂ ಸುಮಾರು 500 ಮೀಟರ್ ಮೇಲೆತ್ತಿ. ಆ ಕಾವೇರಿ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಮುಂದಿನ ಮೆಟ್ಟಿಲು ನಮ್ಮ ಹೊಳೆ. ಪ್ರತಿ ಸಲ ದೂರದ ನೀರು ಬಂದಾಗಲೂ ಹತ್ತಿರದ ನೀರು ಅನಾವಶ್ಯಕವಾಗುತ್ತ ಬಂತು. ಅನಾವಶ್ಯಕವಾದ ಕೆರೆ ನಿವೇಶನವಾಗಿ ಕಾಣುತ್ತದೆ. ಅದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ದೋಣಿಯಲ್ಲಿಯೇ ಕುಳಿತು ನಾವು ಒಂದು ಲೆಕ್ಕ ಮಾಡಿದೆವು. ನೀವೂ ಮಾಡಿ. ಮಹಾನಗರ ಪಾಲಿಕೆಯದಾಗಿದ್ದ ವಿಸ್ತೀರ್ಣ 741 ಚದರ ಕಿಲೋಮೀಟರ್. ವರ್ಷದ ಮಳೆ 970 ಮಿಲಿಮೀಟರ್. ಎರಡನ್ನೂ ಗುಣಿಸಿ ಟಿಎಂಸಿಗೆ ತನ್ನಿ. ಸುಮಾರು 25 ಟಿಎಂಸಿ ಬರುತ್ತದೆ. ಅದೆಲ್ಲವನ್ನೂ ಹಿಡಿಯಲಾಗದು, ಆವಿಯಾಗುವುದು, ಇಂಗುವುದು, ಗಿಡಮರ ಹೀರುವುದು ಇದ್ದೇ ಇದೆ. ಆದರೆ ನಮ್ಮಿಂದ ಕೇಳಿದ 30 ಟಿಎಂಸಿಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ನೋಡಬೇಕು.

ಇದನ್ನೆಲ್ಲ ಆಗದ ಕನಸೆಂದು ಯಾರೂ ತಳ್ಳಿಹಾಕದಿರಲೆಂದು ಹೊರದೇಶದ ಎರಡು ಮಾತು ಹೇಳುತ್ತೇನೆ. ದೋಣಿಯಲ್ಲಿ ಒಂದಿಷ್ಟು, ನಡಿಗೆಯಲ್ಲಿ ಒಂದಿಷ್ಟು ಎಂದು ದಿನ ಕಳೆಯುವ ಪ್ರವಾಸಕ್ಕೆ ಯುರೋಪಿನ ಉತ್ತರದ ನಾರ್ವೆ, ಡೆನ್ಮಾರ್ಕ್ ದೇಶಗಳ ಕರಾವಳಿ ಹೆಸರಾದುದು. ನಾರ್ವೆಯ ಬರ್ಗೆನ್ ಪಟ್ಟಣ ಮಳೆಗೆ ಪ್ರಸಿದ್ಧ. ನಮ್ಮ ಆಗುಂಬೆಯ ಮಳೆಯ ಮೂರನೆಯ ಒಂದು ಭಾಗದಷ್ಟು ಅಲ್ಲಿ ಬೀಳುತ್ತದೆ, ಅಷ್ಟಕ್ಕೇ ಅದನ್ನು ಮಳೆಯ ನಗರವೆನ್ನುತ್ತಾರೆ! ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಬಂದರಿನ ನೀರು ಹಿಂದೆ ಚರಂಡಿಯ ನೀರಾಗಿತ್ತು. ಮಳೆಗೆ ಉಕ್ಕುವ ಒಳಚರಂಡಿಯ ನೀರನ್ನು ಹಿಡಿದಿಡುವ ತೊಟ್ಟಿಗಳನ್ನು ಕಟ್ಟಿ, ಬಂದರಿಗೆ ತೆರೆದಿದ್ದ ಬಾಯಿಗಳನ್ನು ಒಂದೊಂದಾಗಿ ಮುಚ್ಚಿದರು. 2002ರಲ್ಲಿ ನಗರದ ನಡುವೆ, ಅದೇ ನೀರಿನಲ್ಲಿ ಜನ ಈಜುವ ಸ್ಥಳವನ್ನು ತೆರೆದರು.

ಅಲ್ಲಿಯ ಎಲ್ಲವೂ ಆದರ್ಶವೆಂದು ಭಾವಿಸಬೇಡಿ. ನಾರ್ವೆಯ ಉತ್ತರದ ತುದಿಯಲ್ಲಿ ಆಲ್ಟಾ ಎಂಬ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟೆ ಕಟ್ಟಹೊರಟರು. ಮೊದಲ ಯೋಜನೆಯಂತೆ ಹಿಮಸಾರಂಗ ಸಾಕುವ ಸಾಮಿ ಜನರ ಮಾಸಿ ಎಂಬ ಹಳ್ಳಿ ಮುಳುಗಬೇಕಿತ್ತು. ಹಳ್ಳಿಯನ್ನು ಕೈಬಿಟ್ಟರೂ ಅಣೆಕಟ್ಟೆಯನ್ನು ಬಿಡಲಿಲ್ಲ. 1979ರಲ್ಲಿ ಸಾಮಿ ತರುಣರು ರಾಜಧಾನಿಗೆ ಬಂದು ಸಂಸತ್ತಿನೆದುರು ಉಪವಾಸ ಕುಳಿತರು. ಅಣೆಕಟ್ಟೆ 1987ರಲ್ಲಿ ಮುಗಿಯಿತು. ಆದರೆ ಆ ಹೋರಾಟದ ಫಲವಾಗಿ 1989ರಲ್ಲಿ ಸಾಮಿ ಜನರಿಗೆ ತಮ್ಮದೇ ಆದ ಪ್ರತಿನಿಧಿ ಸಭೆ ದೊರೆಯಿತು. ಶರಾವತಿಯಲ್ಲಿ ಮುಳುಗಿದವರಿಗೆ ಅಂಥದೇನೂ ದೊರೆಯಲಿಲ್ಲ. ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುವ ಕುಟುಂಬಗಳು ಈ ಸಭೆಯಲ್ಲಿಯೇ ಇವೆ.

ದೋಣಿಯಿಂದಿಳಿದು ಕೆರೆಯ ಹೊರಹರಿವನ್ನು ಹಿಂಬಾಲಿಸಿದೆವು. ಹಲಸೂರಿನ ಕೆಳಗೆ ಅದು ಗೋಡೆಗಳ ನಡುವಿನ ದೊಡ್ಡ ಮೋರಿ. ದೊಮ್ಮಲೂರಿನ ದಿಕ್ಕಿಗೆ ಹರಿದು, ಬೆಳ್ಳಂದೂರು ಕೆರೆ ಸೇರುತ್ತದೆ. ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಹದಿಮೂರನೆಯ ಶತಮಾನದ ತಮಿಳು ಶಾಸನವೊಂದರಲ್ಲಿ ವಿಣ್ಣಮಂಗಲದ ಕೆರೆಯ ಪ್ರಸ್ತಾಪವಿದೆ. ಇಂದಿರಾನಗರದ ಒಂದು ಭಾಗಕ್ಕೆ ಇಂದಿಗೂ ಬಿನ್ನಮಂಗಲವೆಂದು ಹೆಸರು. ಅಗಲವಾದ ರಸ್ತೆಗಳು, ಉಪಹಾರ ಮಂದಿರಗಳು, ಒಳ್ಳೆಯ ಮರಗಳು, ಮೇಲೆ 2011ರಿಂದ ಓಡುತ್ತಿರುವ ಮೆಟ್ರೋ ರೈಲು. ಬಿನ್ನಮಂಗಲದ ಕೆರೆ ಎಲ್ಲಿ ಎಂದು ನಾಲ್ಕು ಅಂಗಡಿಗಳಲ್ಲಿ ಕೇಳಿದೆವು. ಒಬ್ಬರು ಬಸ್ ನಿಲುಗಡೆಯನ್ನು ತೋರಿಸಿದರು.

ಅಲ್ಲಿಂದ ಮುಂದೆ ವಿಭೂತಿಪುರ. 1307ರ ಒಂದು ತಮಿಳು ಶಾಸನ ಅಲ್ಲಿ ಇದೆ, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಸಮಮಾಡಿ, ಕೆರೆ ಕಟ್ಟಿ ಊರು ಮಾಡಿದ ಸಂಗತಿಯನ್ನು ಅದು ಹೇಳುತ್ತದೆ. ಕಾಡು ಕಡಿದುದನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಊರು ಮಾಡಿದೆವೆಂದು ಹೇಳುವಾಗ ಕೆರೆ ಕಟ್ಟಿದುದನ್ನು ಅದೇ ಉಸಿರಿನಲ್ಲಿ ಹೇಳಿದರು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಲ್ಲಿ ಬಹಳಷ್ಟು ಈ ಪೂರ್ವ ಭಾಗದವೇ. ಕಾವೇರಿಯ ಕೊಳವೆ ಅವುಗಳಿಗೆ ತಲುಪುವುದಕ್ಕೆ ಮೊದಲು ಬಹುಮಹಡಿಗಳು ಎದ್ದವು. 2022ರ ಸೆಪ್ಟೆಂಬರಿನ ಮಳೆಗೆ ಮಹದೇವಪುರದ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿ, ಟ್ರಾಕ್ಟರುಗಳಲ್ಲಿ ಹೊರತಂದರು. 2024ರ ಬೇಸಿಗೆಯಲ್ಲಿ ಅದೇ ಪ್ರದೇಶದಲ್ಲಿ ಟ್ಯಾಂಕರಿಗೆ ಸಾಲು ನಿಂತರು. ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರಕಾರವೇ ಹೇಳಿತು. ಎರಡು ವರ್ಷಗಳೊಳಗೆ ಒಂದೇ ನೆಲದಲ್ಲಿ ನೆರೆಯೂ ಬರವೂ ಬಂದಿವೆ. ನೀರು ನಿಲ್ಲುವ ಸ್ಥಳವನ್ನು ಕಳೆದುಕೊಂಡುದೇ ಎರಡಕ್ಕೂ ಕಾರಣ.

ಕೆ.ಆರ್. ಪುರ ಅಂದರೆ ಕೃಷ್ಣರಾಜಪುರ. ರೈಲು ಹಳಿಗಳ ಮೇಲಿನ ತೂಗುಸೇತುವೆಯನ್ನು ದಾಟಿ ಹಳೆ ಮದರಾಸು ರಸ್ತೆಯಲ್ಲಿ ಮುಂದುವರಿದರೆ ವೆಂಗಯ್ಯನ ಕೆರೆ. ಇದನ್ನು ಅಗತ್ಯವಾಗಿ ನೋಡಬೇಕು. ಸರಕಾರ 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವೊಂದನ್ನು ಮಾಡಿತು. ಅದು 2004ರ ನಂತರ ಹೆಬ್ಬಾಳ, ನಾಗವಾರ, ಅಗರ ಮತ್ತು ಈ ವೆಂಗಯ್ಯನ ಕೆರೆಯನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲು ಮುಂದಾಯಿತು. ಕೆರೆಯನ್ನು ಅವರು ನೋಡಿಕೊಳ್ಳುವುದು, ದೋಣಿವಿಹಾರ, ಉಪಹಾರ ಮಂದಿರ ನಡೆಸಿ ಹಣ ಮಾಡಿಕೊಳ್ಳುವುದು ಎಂಬುದು ಒಪ್ಪಂದ. ದನಕ್ಕೆ ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಟಿಕೆಟ್ ಕೊಂಡು ಒಳಗೆ ಬರಬೇಕೇ ಎಂಬ ಪ್ರಶ್ನೆ ಎದ್ದಿತು. 2008ರಲ್ಲಿ ನಗರದ ಪರಿಸರ ಕಾರ್ಯಕರ್ತರು ಹೈಕೋರ್ಟಿಗೆ ಹೋದರು. 2012ರ ತೀರ್ಪು ಕೆರೆಗಳ ರಕ್ಷಣೆಯ ಹೊಣೆಯನ್ನು ಸರಕಾರದ ಮೇಲೆಯೇ ಇಟ್ಟಿತು, ಪ್ರತಿ ಜಿಲ್ಲೆಯಲ್ಲಿ ಕೆರೆ ಸಮಿತಿ ಇರಬೇಕೆಂದಿತು. ಬೆಂಗಳೂರಿನವರೆಲ್ಲ ನಮ್ಮ ವಿರೋಧಿಗಳೆಂದು ಭಾಷಣ ಮಾಡುವವರು ನಮ್ಮಲ್ಲಿ ಇದ್ದಾರೆ. ಅದು ತಪ್ಪು. ತಮ್ಮ ಬಡಾವಣೆಯ ಕೆರೆಗಾಗಿ ವರ್ಷಗಟ್ಟಲೆ ಕೋರ್ಟು, ಕಚೇರಿ ಅಲೆದವರು ಅಲ್ಲಿದ್ದಾರೆ. ಅವರು ಒಂದು ಕೆರೆಯನ್ನು ಉಳಿಸಿದರೆ ನಮ್ಮ ಹೊಳೆಯ ಮೇಲಿನ ಭಾರ ಅಷ್ಟು ಇಳಿಯಿತು. ಈ ಸಲದ ತಂಡ ಅಂಥವರಲ್ಲಿ ಕೆಲವರನ್ನು ಕಂಡು ಮಾತನಾಡಿ ಬರಬೇಕೆಂಬುದು ನನ್ನ ಅಪೇಕ್ಷೆ.

ಇನ್ನೂ ಮುಂದೆ ಯಲೆ ಮಲ್ಲಪ್ಪಶೆಟ್ಟಿ ಕೆರೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬರು ತಮ್ಮ ಗಳಿಕೆಯ ಹಣದಿಂದ ಕಟ್ಟಿಸಿದರೆಂಬ ಪ್ರತೀತಿ. ಎಲೆ ಅಡಿಕೆಯಲ್ಲಿ ಅಡಿಕೆಯ ಪಾಲು ನಮ್ಮದಾದ್ದರಿಂದ ಆ ಕೆರೆಯ ಮೇಲೆ ನಮಗೆ ಸ್ವಲ್ಪ ಅಭಿಮಾನವಿರಲಿ! ಹೆಬ್ಬಾಳದ ಕಡೆಯ ಕಣಿವೆಯ ನೀರು ಅಲ್ಲಿಗೆ ಬರುತ್ತದೆ. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಸಂಜೆಯಾಗಿತ್ತು, ಲಾರಿಗಳ ಧೂಳಿತ್ತು, ಏರಿಯ ಮೇಲೆ ನಿಂತು ಬಾಳೆಹಣ್ಣು ತಿಂದು ಹಿಂತಿರುಗಿದೆವು.

ಹಲಸೂರಿನಿಂದ ಹೊರಟ ನೀರಿನ ಕಥೆ ಮುಗಿದಿಲ್ಲ. ನಗರಕ್ಕೆ ಬಂದ ಕುಡಿಯುವ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದರ ಒಂದು ದೊಡ್ಡ ಪಾಲು ಇಳಿಯುವುದು ಬೆಳ್ಳಂದೂರಿಗೆ. ಆ ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿಕೊಂಡಿತು. 2017ರಲ್ಲಿ, 2018ರಲ್ಲಿ ಮತ್ತೆ ಹತ್ತಿತು. 2018ರಿಂದ ಆ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳುಹಿಸುತ್ತಿದ್ದಾರೆ. ಅಲ್ಲಿ ಅಂತರ್ಜಲ ಏರಿತೆಂದು ಸಂತೋಷಪಟ್ಟ ರೈತರಿದ್ದಾರೆ. ಎರಡು ಹಂತಗಳ ಸಂಸ್ಕರಣೆ ಸಾಲದು, ಮೂರನೆಯದೂ ಬೇಕು ಎಂದು ಹೋರಾಡುವವರೂ ಇದ್ದಾರೆ. ಮಿಕ್ಕದ್ದು ಬೆಳ್ಳಂದೂರಿನಿಂದ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ, ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಗೆ, ತಮಿಳುನಾಡನ್ನು ದಾಟಿ ಕಡಲೂರಿನ ಬಳಿ ಸಮುದ್ರಕ್ಕೆ ಸೇರುತ್ತದೆ.

ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಪಶ್ಚಿಮದ ಕಡಲು ಸೇರುವ ನಮ್ಮ ಶರಾವತಿಯನ್ನು ಕೊಳವೆಯಲ್ಲಿ ಬೆಂಗಳೂರಿಗೆ ಒಯ್ದರೆ, ಅದರಲ್ಲಿ ಬಹುಪಾಲು ಇದೇ ಮೋರಿಗಳಲ್ಲಿ ಇಳಿದು, ಬೆಳ್ಳಂದೂರಿನಂಥ ಕೆರೆಗಳಲ್ಲಿ ನೊರೆಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರು ನೋಡಲಿಕ್ಕೆ ಬೆಂಗಳೂರಿಗೆ ಎಂತಕ್ಕೆ ಎಂದು ಕೇಳಿದ ತಾಯಿಗೆ, ಆ ದಾರಿಯನ್ನು ನಿಮ್ಮ ಮಗಳು ತನ್ನ ಕಣ್ಣಿನಿಂದ ನೋಡಿ ಬರಲಿ ಎಂದಷ್ಟೇ ಹೇಳಬಲ್ಲೆ.

ಹೊರಡುವವರಿಗೆ ಕೆಲವು ಸೂಚನೆಗಳು. ತಾಳಗುಪ್ಪದಿಂದ ರಾತ್ರಿಯ ರೈಲು. ಬೆಳಗಾಗುವ ಮೊದಲೇ ಇಳಿಯಬೇಕಾಗುತ್ತದೆ, ಬೆಚ್ಚನೆಯ ಬಟ್ಟೆ ಇರಲಿ. ಪ್ರತಿಯೊಬ್ಬರೂ ಒಂದು ನೋಟುಪುಸ್ತಕ ತನ್ನಿ. ಪ್ರತಿ ಕೆರೆಯ ಬಳಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ನೀರು ಬರುವ ದಾರಿ, ಹೋಗುವ ದಾರಿ, ನೀರಿನ ಬಣ್ಣ ಮತ್ತು ವಾಸನೆ, ದಂಡೆಯಲ್ಲಿ ಕಂಡ ಹಕ್ಕಿಗಳು. ದೋಣಿಯಲ್ಲಿ ಎದ್ದು ನಿಲ್ಲಬೇಡಿ. ಲಾಂಚಿನ ಅಭ್ಯಾಸ ಅಲ್ಲಿ ನಡೆಯದು. ನೀರಿಗೆ ಕೈ ಅದ್ದಬೇಡಿ. ಇನ್ನೂ ಇಬ್ಬರು ಹಿರಿಯರು ಜೊತೆಗೆ ಬರಲು ಸಾಧ್ಯವಿದ್ದರೆ ಈ ಸಭೆ ಮುಗಿಯುವುದರೊಳಗೆ ಹೆಸರು ಕೊಡಬೇಕೆಂದು ಕೋರುತ್ತೇನೆ.